ಕಡಲ ಪಾಲು

ಪಾಲು ಮಾಡಿದವರು ಕೊನೆಗೆ ಆರಿಸಬೇಕು. ಮಕ್ಕಳು ಹಣ್ಣಿಗಾಗಿ ಜುಟ್ಟು ಹಿಡಿಯುತ್ತಿದ್ದ ಕಾಲದಲ್ಲಿ ಅಪ್ಪ ಇಟ್ಟ ಕಟ್ಟಳೆ ಅದು. ಅಪ್ಪ ಹೋದ ಮೇಲೆ ಆಸ್ತಿ ಹಂಚುವ ಕೆಲಸ ಅಕ್ಕನ ತಲೆಗೆ ಬಂತು. ಬ್ಯಾಂಕಿಗೆ ಮನೆ, ಜಮೀನುಗಳ ಬೆಲೆ ಕಟ್ಟಿಕೊಡುವುದೇ ಅವಳ ವೃತ್ತಿ, ಇನ್ಯಾರು ಮಾಡಿಯಾರು?

ಒಳನಾಡಿನ ಹೊಲ, ಪೇಟೆಯ ಈ ಮನೆ, ಕಡಲ ದಡದ ಜಾಗ. ಹೊಲ ಎಷ್ಟು ದೊಡ್ಡದಾದರೂ ಪೇಟೆಯ ಮನೆಗೆ ಸರಿಗಟ್ಟಲಿಲ್ಲ; ಅಮ್ಮನ ಒಡವೆಗಳನ್ನೆಲ್ಲ ಅದಕ್ಕೆ ಸೇರಿಸಿದಳು. ಕಡಲ ಜಾಗ ಮಾತ್ರ ತಾನಾಗಿಯೇ ಮನೆಗೆ ಸಮ ತೂಗಿತು. ಕಳೆದ ವಾರ ಮೂವರೂ ಒಪ್ಪಿ ಸಹಿ ಹಾಕಿದ್ದರು. ಆರಿಸುವುದು ಇವತ್ತು.

ತಂಗಿ ಹಿಂದೆಮುಂದೆ ನೋಡದೆ ಹೊಲ ಎಂದಳು. ಇನ್ನು ತಮ್ಮನ ಸರದಿ. ದಡದಲ್ಲಿ ವಸತಿಗೃಹ ಕಟ್ಟುತ್ತೇನೆಂದು ವರ್ಷಗಟ್ಟಲೆ ಎಲ್ಲರ ತಲೆ ತಿಂದವನು. ಅವನು ಕಡಲು ಎನ್ನುತ್ತಾನೆ, ಈ ಮನೆ ತನಗೆ ಉಳಿಯುತ್ತದೆ ಎಂದು ಅಕ್ಕ ಎಣಿಸಿದ್ದಳು. ಉಳಿಯಲೇಬೇಕಿತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಗಂಡ ಒಳಕೋಣೆಯಲ್ಲಿದ್ದ. ಗಾಲಿಕುರ್ಚಿ ಓಡಲೆಂದು ಹೊಸ್ತಿಲುಗಳನ್ನೆಲ್ಲ ಕೀಳಿಸಿದ್ದಳು. ಆಸ್ಪತ್ರೆ ಇದ್ದದ್ದು ಎದುರು ಬೀದಿಯಲ್ಲೇ.

"ನನಗೆ ಈ ಮನೆ," ಎಂದ ತಮ್ಮ.

"ತಮಾಷೆ ಮಾಡ್ಬೇಡ ಕಣೋ. ನಿನಗೆ ಕಡಲು ಅಂದ್ರೆ ಪ್ರಾಣ."

"ನಿನ್ನೆ ಬೆಳಿಗ್ಗೆ ಹೋಗಿ ನೋಡೋವರೆಗೂ ಪ್ರಾಣವೇ ಆಗಿತ್ತು. ಅರ್ಧ ಜಾಗದಲ್ಲಿ ಮೀನು ಓಡಾಡ್ತಿತ್ತು ಅಕ್ಕಾ! ನೀನು ಅಳೆದಿದ್ದು ಯಾವ ಹೊತ್ತಲ್ಲಿ?"

ಅಕ್ಕ ಮಧ್ಯಾಹ್ನ ಹೋಗಿದ್ದಳು. ರಸ್ತೆಯಿಂದ ಒದ್ದೆ ಮರಳಿನ ಅಂಚಿನವರೆಗೆ ಟೇಪು ಎಳೆದಿದ್ದಳು. ಗಡಿಕಲ್ಲು ಕಾಣಲಿಲ್ಲ, ಮರಳಲ್ಲಿ ಹೂತಿರಬೇಕು ಎಂದುಕೊಂಡು ಬಂದಿದ್ದಳು. ಪೇಟೆಯಲ್ಲಿ ರಸ್ತೆಯ ಅಗಲ, ಹೊಲದಲ್ಲಿ ಬಾವಿಯ ಆಳ ಕೇಳದೆ ಹೆಜ್ಜೆ ಇಡದವಳು, ಅಲ್ಲಿ ನೀರು ಇಳಿದಿದೆಯೋ ಏರಿದೆಯೋ ಎಂದು ಯಾರನ್ನೂ ಕೇಳಿರಲಿಲ್ಲ.

"ತಪ್ಪು ನನ್ನದೇ. ಪಾಲು ಮತ್ತೆ ಮಾಡೋಣ ಕಣೋ. ದಮ್ಮಯ್ಯ ಅಂತೀನಿ."

"ನಾನು ಏನೂ ತಿಳೀದೆ ಕಡಲು ಅಂದಿದ್ರೆ, ಮುಂದೆ ಯಾವತ್ತೋ ಗೊತ್ತಾದಾಗ ಮತ್ತೆ ಮಾಡ್ತಿದ್ಯಾ?"

ಅಕ್ಕ ತಂಗಿಯ ಕಡೆ ತಿರುಗಿದಳು. ತಂಗಿ ಸೆರಗಿನ ತುದಿ ಸುತ್ತುತ್ತ ಕೂತಳು. ಒಡವೆ ಬಿಟ್ಟುಕೊಡುವ ಮನಸ್ಸು ಅವಳಿಗೂ ಇರಲಿಲ್ಲ.

"ಏನಾಯ್ತೇ? ಮುಗೀತಾ?" ಒಳಗಿನಿಂದ ಗಂಡನ ದನಿ.

ತಮ್ಮನ ಮುಖ ಮೆತ್ತಗಾಯಿತು. "ಭಾವನ್ನ ಬೀದಿಗೆ ಹಾಕ್ತೀನೇನಕ್ಕಾ? ಬಾಡಿಗೆಗೆ ಇಲ್ಲೇ ಇರಿ. ಈ ಬೀದಿಗೆ ಎಷ್ಟು ನ್ಯಾಯ ಅಂತ ನೀನೇ ಹೇಳು. ಎರಡು ಮಾತಿಲ್ಲ."

ಎಷ್ಟು ನ್ಯಾಯ ಎಂದು ಅವಳಿಗೆ ನಿದ್ದೆಗಣ್ಣಲ್ಲೂ ಗೊತ್ತಿತ್ತು. ಅಷ್ಟು ಕೊಟ್ಟರೆ ಔಷಧಿಗೆ ಉಳಿಯುವುದು ಸೊನ್ನೆ. ಇಷ್ಟು ವರ್ಷಗಳ ಕೆಲಸದಲ್ಲಿ ಬೇಕೆಂದೇ ಒಂದು ಬೆಲೆಯನ್ನೂ ತಗ್ಗಿಸಿ ಹೇಳಿದವಳಲ್ಲ. ಬಾಯಿ ತೆರೆದಳು, ಬಂದದ್ದು ಅದರ ಅರ್ಧ.

"ಅಷ್ಟೇನಾ?" ತಂಗಿ ಹುಬ್ಬೇರಿಸಿದಳು.

"ಆಸ್ಪತ್ರೆ ಹತ್ತಿರ ಇದ್ರೆ ಬಾಡಿಗೆ ಇಳಿಯುತ್ತೆ. ಗಲಾಟೆ, ಸೈರನ್ನು." ಕಚೇರಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು.

"ನೀನು ಹೇಳಿದ್ಮೇಲೆ ಮುಗೀತು ಬಿಡಕ್ಕಾ," ಎಂದ ತಮ್ಮ.

ಗಂಡ ಮತ್ತೆ ಕೂಗಿದ. "ಮುಗೀತು ರೀ," ಎಂದಳು ಅಕ್ಕ ಕೂತಲ್ಲಿಂದಲೇ, ಯಾರ ಮುಖವನ್ನೂ ನೋಡದೆ. "ಇಲ್ಲೇ ಇರ್ತೀವಿ."