ಮರಳಿನ ಮೇಲಿನ ಹೆಜ್ಜೆ

ಕಾಡಿನ ಕಾಲುದಾರಿ ಶುರುವಾಗುವಲ್ಲಿ ಹತ್ತಡಿ ಉದ್ದಕ್ಕೆ ಮರಳು ಹಾಸಿತ್ತು. ರಾತ್ರಿ ಯಾವ ಪ್ರಾಣಿ ದಾಟಿತೆಂದು ಹೆಜ್ಜೆ ನೋಡಿ ತಿಳಿಯಲು ಕಾವಲುಗಾರ ಪ್ರತಿ ಸಂಜೆ ಅದನ್ನು ಪೊರಕೆಯಿಂದ ಸಮ ಮಾಡುತ್ತಿದ್ದ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಒಂದು ಭಾನುವಾರ ಅರಣ್ಯ ಇಲಾಖೆಯ ಸಾಹೇಬರು ಭಾವಮೈದುನನ ಸಂಸಾರವನ್ನು ಕಟ್ಟಿಕೊಂಡು ಚಾರಣಕ್ಕೆ ಬಂದರು. ಎಲ್ಲರೂ ಮೈತುಂಬ ಸೆಂಟು ಸುರಿದುಕೊಂಡಿದ್ದರು. ಕಾಡುಪ್ರಾಣಿಗಳಿಗೆ ಮೂಗೇ ಇಲ್ಲವೆಂದುಕೊಂಡಿರಬೇಕು. ಮರಳಿನ ಮೇಲೆ ಹೆಜ್ಜೆ ಕಂಡದ್ದೇ ಸಾಹೇಬರು ಮಂಡಿಯೂರಿ, "ಚಿರತೆ" ಎಂದು ಅಪ್ಪಣೆ ಕೊಡಿಸಿದರು.

"ಉಗುರಿನ ಗುರುತಿದೆ ಸಾರ್. ಚಿರತೆ ನಡೆಯುವಾಗ ಉಗುರು ಒಳಗೆ ಎಳ್ಕೊಂಡಿರುತ್ತೆ. ಇದು ನಮ್ಮನೆ ನಾಯಿದು," ಅಂದ ಕಾವಲುಗಾರ.

"ನೀನು ಪೊರಕೆ ಹಿಡಿಯೋದು ನೋಡ್ಕೋ," ಅಂದರು ಸಾಹೇಬರು.

ಭಾವಮೈದುನ ನಾಯಿಯ ಹೆಜ್ಜೆಯ ಪಕ್ಕ ಅಂಗೈಯಿಟ್ಟು ಫೋಟೊ ತೆಗೆಸಿಕೊಂಡ. ಬುಧವಾರದ ಹೊತ್ತಿಗೆ 'ಚಿರತೆ ಓಡಾಡುವ ಜಾಗ' ಎಂಬ ಬೋರ್ಡು ಬಂತು. ನಾಯಿ ಅದರ ಕಂಬಕ್ಕೆ ಕಾಲೆತ್ತಿ ತನ್ನ ಒಪ್ಪಿಗೆ ಹಾಕಿತು. ಅಂದಿನಿಂದ ಬಂದವರೆಲ್ಲ ಬೋರ್ಡಿನ ಮುಂದೆ ಹಲ್ಲು ಕಿರಿದು ನಿಂತರೇ ಹೊರತು, ಒಬ್ಬನೂ ನೆಲ ನೋಡಲಿಲ್ಲ.

ಮರುವಾರ ಬೆಳಿಗ್ಗೆ ಮರಳಿನ ಮೇಲೆ ಬೇರೆಯದೇ ಹೆಜ್ಜೆ ಇತ್ತು. ಅಗಲವಾಗಿ, ದುಂಡಗೆ, ನಾಲ್ಕು ಬೆರಳು. ಉಗುರಿನ ಗುರುತೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಕಾವಲುಗಾರ ಕುಕ್ಕರಗಾಲಲ್ಲಿ ಕೂತು ಕಣ್ತುಂಬ ನೋಡಿದ. ದೂರದಲ್ಲಿ ಸಾಹೇಬರ ಜೀಪಿನ ಸದ್ದು ಕೇಳಿಸಿತು. ಅವನು ಪೊರಕೆ ತಂದು ಹೆಜ್ಜೆಗಳನ್ನೆಲ್ಲ ನಿಧಾನವಾಗಿ ಗುಡಿಸಿದ. ಆಮೇಲೆ ನಾಯಿಯನ್ನು ಕರೆದು ಮರಳಿನ ಮೇಲೆ ನಡೆಸಿದ.