ಕೋರಾ ಜೀನ್ಸಿನ ಮಂಡಿ

ನಾನು ಒಂದು ಜೀನ್ಸ್ ಪ್ಯಾಂಟು. ಹುಟ್ಟಿದ್ದು ಬಳ್ಳಾರಿಯಲ್ಲಿ. ಆ ಊರಿನಲ್ಲಿ ಹುಟ್ಟುವ ಪ್ಯಾಂಟುಗಳಿಗೆ ಲೆಕ್ಕವಿಲ್ಲ, ಆದರೆ ನನ್ನಂಥವು ಅಪರೂಪ. ಮಿಕ್ಕವು ಹೊಲಿಗೆ ಮುಗಿದ ಕೂಡಲೇ ವಾಷಿಂಗ್ ಯೂನಿಟ್ಟಿಗೆ ಹೋಗುತ್ತವೆ. ಅಲ್ಲಿ ಬಿಸಿನೀರಿನಲ್ಲಿ ಕಲ್ಲುಗಳ ಜೊತೆ ಉರುಳಿ, ಕುಗ್ಗುವಷ್ಟು ಕುಗ್ಗಿ, ಮೆತ್ತಗಾಗಿ, ಮಾಸಿದ ಬಣ್ಣ ಪಡೆದು ಬರುತ್ತವೆ. ಅಂಗಡಿಯಲ್ಲಿ ಹೊಸದಾಗಿ ಕೂತಿರುವಾಗಲೇ ಹತ್ತು ವರ್ಷ ದುಡಿದು ದಣಿದವರ ಹಾಗೆ ಕಾಣುತ್ತವೆ. ನಾನು ಹಾಗಲ್ಲ. ನಾನು ನೀರು ಕಾಣದ ಕೋರಾ ಬಟ್ಟೆ. ನೇಯುವಾಗ ಹಾಕಿದ ಗಂಜಿ ಮೈಮೇಲೆ ಹಾಗೇ ಇತ್ತು. ನೆಲಕ್ಕೆ ಊರಿದರೆ ಯಾರ ಆಸರೆಯೂ ಇಲ್ಲದೆ ನಿಲ್ಲುತ್ತಿದ್ದೆ. ಅದರ ಜಂಬವೂ ಇತ್ತು. ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನನ್ನನ್ನು ಕತ್ತರಿಸಿದವನು ಎರ್ರಿಸ್ವಾಮಿ, ಯೂನಿಟ್ಟಿನ ಕಟಿಂಗ್ ಮಾಸ್ಟರ್. ಹೊಲಿದವಳು ಅವನ ಹೆಂಡತಿ ಹುಲಿಗೆಮ್ಮ. ಅವಳಿಗೂ ಅದೇ ಯೂನಿಟ್ಟಿನಲ್ಲಿ ಕೆಲಸ, ಉಜ್ಜುವ ಕೆಲಸ. ಹೊಸ ಪ್ಯಾಂಟಿನ ತೊಡೆ, ಮಂಡಿಗಳನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ, ಯಾರೋ ವರ್ಷಗಟ್ಟಲೆ ತೊಟ್ಟು ಸವೆಸಿದ ಹಾಗೆ ಬಿಳುಪು ತರಿಸುತ್ತಿದ್ದಳು. ಊರಿಗೆಲ್ಲ ಸುಳ್ಳು ಸವಕಳಿ ಹಂಚುವ ಈ ಗಂಡ ಹೆಂಡತಿಗೆ ತಮಗೆ ಅಂತ ಒಂದಾದರೂ ನಿಜವಾದ ಪ್ಯಾಂಟು ಬೇಕೆನಿಸಿತು. ಹಾಗೆ ಹುಟ್ಟಿದ್ದು ನಾನು.

ಕೋರಾ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆಂದು ಎರ್ರಿಸ್ವಾಮಿ ನನ್ನನ್ನು ದೊಡ್ಡದಾಗಿಯೇ ಕತ್ತರಿಸಿದ್ದ. ಹಂಡೆಯ ಬಿಸಿನೀರಿನಲ್ಲಿ ಅದ್ದಿದರು. ನನ್ನ ನೂಲುಗಳೆಲ್ಲ ಬಿಗಿದು ಒಂದಕ್ಕೊಂದು ಒತ್ತಿಕೊಂಡವು. ಇದ್ದ ಜಂಬವೆಲ್ಲ ಒಂದೇ ಮುಳುಗಿಗೆ ಇಳಿಯಿತು. ಒದ್ದೆಯಲ್ಲೇ ನನ್ನನ್ನು ತೊಟ್ಟು ಅವನು ಮಾಳಿಗೆಯ ಬಿಸಿಲಿನಲ್ಲಿ ಅಡ್ಡಾಡಿದ.

"ಉಸಿರು ಬಿಡಾಕ ಆಗ್ತೈತೇನ್ರಿ?" ಎಂದು ಹುಲಿಗೆಮ್ಮ ನಕ್ಕಳು.

"ಸೊಂಟ ಬಿಗಿ ಇದ್ರೇ ಚಲೋ. ತೊಡ್ತಾ ತೊಡ್ತಾ ಅದು ಸಡ್ಲ ಆಗ್ತೈತೆ. ಉದ್ದ ಮಾತ್ರ ಕುಗ್ಗಿದ್ದು ಕುಗ್ಗಿದ್ದೇ" ಎಂದ ಅವನು.

"ಇನ್ನ ಸುಮಾರು ತಿಂಗ್ಳು ನೀರು ತೋರ್ಸಬ್ಯಾಡ್ರಿ. ನೀವು ಹೆಂಗ ಕುಂತ್ರಿ, ಹೆಂಗ ನಡದ್ರಿ ಅಂಬೋದೆಲ್ಲ ಅದೇ ಬರ್ಕೊಳ್ತೈತೆ" ಎಂದಳು ಅವಳು. ನಾನು ಅವನ ಮೈಯ ಮೇಲೆ ಒಣಗುತ್ತ, ಅವನ ಮೈಯದೇ ಅಚ್ಚಾದೆ.

ಅದಾದ ಸ್ವಲ್ಪ ದಿನಕ್ಕೆ ಯೂನಿಟ್ಟಿಗೆ ಕತ್ತರಿಸುವ ಮಷೀನು ಬಂತು, ಎರ್ರಿಸ್ವಾಮಿಯ ಕೆಲಸ ಹೋಯಿತು. ಬೇರೆ ಯೂನಿಟ್ಟುಗಳಲ್ಲಿ ಕೇಳಿ ಕೇಳಿ ಸಾಕಾಗಿ, ಕೊನೆಗೊಂದು ದಿನ ಹೊಸಪೇಟೆಯ ಲಾಡ್ಜೊಂದರಲ್ಲಿ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಹೇಳಿದ. ಕೌಂಟರಿನಲ್ಲಿ ಕುರ್ಚಿಯ ಮೇಲೆ ಕೂತು ಕೀಲಿ ಕೊಡುವ ಕೆಲಸ, ದಿನಾ ರೈಲಿನಲ್ಲಿ ಹೋಗಿ ಬರುವುದು ಎಂದ. ಹುಲಿಗೆಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಕೌಂಟರೂ ಇಲ್ಲ, ಕುರ್ಚಿಯೂ ಇಲ್ಲ. ರೂಮುಗಳ ನೆಲ, ಬಚ್ಚಲು ತಿಕ್ಕುವ ಕೆಲಸ ಅದು. ಅವರು ಕೊಟ್ಟಿದ್ದು ಒಂದು ಖಾಕಿ ಅಂಗಿ ಮಾತ್ರ, ಪ್ಯಾಂಟು ನಾನೇ. ಕಟಿಂಗ್ ಟೇಬಲಿನ ಮುಂದೆ ದೊರೆಯ ಹಾಗೆ ನಿಲ್ಲುತ್ತಿದ್ದವನು ಬ್ರಷ್ ಹಿಡಿದು ಮಂಡಿಯೂರಿದಾಗ ನನ್ನ ಮೈ ಹಿಡಿಯಾಯಿತು. ಯಾರಾದರೂ ಬಂದರೆ ಅವನಿಗಿಂತ ಮೊದಲು ನಾನೇ ನಾಚುತ್ತಿದ್ದೆ. ಅವನ ಮೇಲಿನ ಕನಿಕರದಿಂದಲ್ಲ, ನಾನು ಇಂಥ ಕಡೆ ಬಂದೆನಲ್ಲ ಎಂದು.

ಹೀಗೇ ತಿಂಗಳುಗಳು ಕಳೆದಾಗ ಹುಲಿಗೆಮ್ಮನ ತಮ್ಮ ಪಂಪಣ್ಣ ಸ್ವಂತ ವಾಷಿಂಗ್ ಯೂನಿಟ್ ತೆರೆದ. ಪೂಜೆಗೆ ಭಾವ ಅಕ್ಕ ಹೊಲಿದ ಕೋರಾ ಪ್ಯಾಂಟು ತೊಟ್ಟೇ ಬರಬೇಕೆಂದು ಹೇಳಿ ಕಳಿಸಿದ. ಅಲ್ಲಿಗೆ ಬರುವವರೆಲ್ಲ ಜೀನ್ಸಿನಲ್ಲೇ ಕೂದಲು ಹಣ್ಣಾದವರು. ಪೂಜೆಯ ಹಿಂದಿನ ದಿನ ಎರ್ರಿಸ್ವಾಮಿ ಬೇರೊಂದು ಹಳೆಯ ಪ್ಯಾಂಟು ತೊಟ್ಟು ಕೆಲಸಕ್ಕೆ ಹೋದ. ಹುಲಿಗೆಮ್ಮ ನನ್ನನ್ನು ಒಗೆದಳು.

ಕೋರಾ ಬಟ್ಟೆಯ ಗುಟ್ಟೆಲ್ಲ ರಟ್ಟಾಗುವುದು ಒಗೆದಾಗಲೇ. ನೀಲಿ ನಮ್ಮ ನೂಲಿನ ಮೇಲುಮೇಲಕ್ಕೆ ಮಾತ್ರ ಹತ್ತಿರುತ್ತದೆ. ಎಲ್ಲಿ ತಿಕ್ಕಾಟವೋ ಅಲ್ಲಿ ಉದುರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ನನ್ನದು ಬಾಯಿ ಬಿಡದೆಯೇ ಬಣ್ಣಗೇಡು. ತಂತಿಯ ಮೇಲೆ ಹರವಿದಾಗ ನನ್ನ ಎರಡೂ ಮಂಡಿ ಬೆಳ್ಳಗೆ ಕಂಡವು. ಕೂತು ದುಡಿಯುವವರ ಪ್ಯಾಂಟಿನಲ್ಲಿ ತೊಡೆಯ ಬುಡಕ್ಕೆ ಮೂಡುವ ಗೆರೆಗಳು ಒಂದೂ ಇರಲಿಲ್ಲ. ಅಂಥ ಗೆರೆಗಳನ್ನು ದಿನಾ ತಿಕ್ಕಿ ತಿಕ್ಕಿ ಬರೆಯುವವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಲಿಗೆಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು.

ಆಮೇಲೆ ಅವಳು ಬಾಗಿಲು ಹಾಕಿ, ಚೀಲದಿಂದ ಸ್ಯಾಂಡ್ ಪೇಪರ್ ತೆಗೆದಳು. ತೊಡೆಯ ಬುಡದಲ್ಲಿ ಕುರ್ಚಿಯ ಗೆರೆಗಳನ್ನು ಎಳೆದಳು. ಮಂಡಿಗೆ ಜೀನ್ಸಿನ ನೀಲಿ ಬಣ್ಣವನ್ನು ದಟ್ಟವಾಗಿ ಹಚ್ಚಿದಳು. ಊರಿನಲ್ಲಿ ನಿಜ ಅಂತ ಇದ್ದ ಒಂದು ಪ್ಯಾಂಟೂ ಹೀಗೆ ಸುಳ್ಳಾಯಿತು.

ಮರುದಿನ ನನ್ನನ್ನು ತೊಡುವಾಗ ಎರ್ರಿಸ್ವಾಮಿ ಒಮ್ಮೆ ತೊಡೆ ನೋಡಿದ, ಒಮ್ಮೆ ಮಂಡಿ ನೋಡಿದ. ಅವನೂ ಕಸುಬಿನವನೇ. ಗುಂಡಿ ಹಾಕಿಕೊಂಡು ಹೊರಟ.

ಪೂಜೆ ಮುಗಿದು ಎಲ್ಲರೂ ಚಾ ಕುಡಿಯುತ್ತ ನಿಂತಾಗ ಪಂಪಣ್ಣ ಭಾವನನ್ನು ನಡುವೆ ಎಳೆದು ನಿಲ್ಲಿಸಿದ. "ನೋಡ್ರಪಾ ಈ ಗೆರೆ! ಕುರ್ಚಿ ಮ್ಯಾಲೆ ಕುಂತು ದುಡಿಯೋರ ಪ್ಯಾಂಟ್ ಅಂದ್ರೆ ಹಿಂಗಿರ್ತೈತೆ. ನಮ್ ಭಾವಂದು ಅಸಲಿ ಮಾಲು!"

ಎರ್ರಿಸ್ವಾಮಿ ಚಾ ಲೋಟ ಕೆಳಗಿಟ್ಟ. "ಕುರ್ಚಿ ಅಲ್ಲೋ ಪಂಪಣ್ಣ. ನಾನು ಲಾಡ್ಜಿನಾಗ ನೆಲ ತಿಕ್ತೀನಿ. ಈ ಗೆರೆ ನಿಮ್ಮಕ್ಕ ಎಳದಿದ್ದು" ಎಂದ.

ಹುಲಿಗೆಮ್ಮ ತಲೆ ತಗ್ಗಿಸಿದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದು ನಾನು ಬೇಡಿಕೊಂಡೆ.

ಇಬ್ಬರೂ ಮನೆಯ ದಾರಿ ಹಿಡಿದರು.

"ನಿನ್ನೆನೇ ಗೊತ್ತಾಗಿತ್ತಲ್ಲ. ಒಂದು ಮಾತು ಕೇಳಬೌದಿತ್ತು ನನ್ನ" ಎಂದ ಅವನು.

"ಏನಂತ ಕೇಳ್ಲಿ? ನಾಲ್ಕು ಮಂದಿ ಮುಂದೆ ನಾಚ್ಕಿ ಆಗ್ತೈತೆ ಅಂತ ಹಂಗ್ ಮಾಡಿದೆ."

"ಮಂಡಿ ನೋಯ್ತಾವೇನು ಅಂತ ಕೇಳಬೌದಿತ್ತು."

ಹುಲಿಗೆಮ್ಮ ನಡುಬೀದಿಯಲ್ಲಿ ನಿಂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ತಡೆಯಲಿಲ್ಲ. ಅವಳ ಪಾಡಾದರೂ ಬೇರೆ, ಅವಳು ನೋಡಿದ್ದು ಬಟ್ಟೆಯನ್ನು. ಆ ಮಂಡಿಗೆ ದಿನವೆಲ್ಲ ಅಂಟಿಕೊಂಡಿದ್ದದ್ದು ನಾನು. ಅದು ಊದಿದ್ದು, ತರಚಿದ್ದು, ಏಳುವಾಗ ಅವನು ಗೋಡೆ ಹಿಡಿಯುತ್ತಿದ್ದದ್ದು ಎಲ್ಲ ನನಗೆ ಗೊತ್ತಿತ್ತು. ಅಷ್ಟು ದಿನವೂ ನಾನು ಅತ್ತದ್ದು ನನ್ನ ಬಣ್ಣಕ್ಕೆ. ಇದಕ್ಕಿಂತ ದೊಡ್ಡ ನಾಚಿಕೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಸ್ಯಾಂಡ್ ಪೇಪರ್ ತಿಕ್ಕಿದ ಕಡೆ ನಾನು ಬೇಗ ಹರಿದೆ. ಮಂಡಿಯ ಕಡೆ ಬಟ್ಟೆ ಗಟ್ಟಿಯಾಗಿಯೇ ಇತ್ತು. ಹುಲಿಗೆಮ್ಮ ನನ್ನ ಕಾಲುಗಳನ್ನು ಕತ್ತರಿಸಿ, ಮಡಿಸಿ, ಒಳಗೆ ಹತ್ತಿ ತುಂಬಿ ಒಂದು ದಪ್ಪ ಮೆತ್ತೆ ಹೊಲಿದಳು. ಈಗ ನಾನು ಪ್ಯಾಂಟಲ್ಲ, ಲಾಡ್ಜಿನ ನೆಲದ ಮೇಲೆ ಅವನ ಮಂಡಿಯ ಕೆಳಗೆ ಹಾಸುವ ಮೆತ್ತೆ. ಬಣ್ಣ ಎಷ್ಟು ಉಳಿದಿದೆಯೋ ನಾನು ನೋಡಿಕೊಳ್ಳಲು ಹೋಗಿಲ್ಲ. ಸಂಜೆ ಅವನು ಮನೆಗೆ ಬಂದಾಗ ಹುಲಿಗೆಮ್ಮ ಎಣ್ಣೆ ಬಿಸಿ ಮಾಡಿ ಮೊದಲು ಅವನ ಮಂಡಿ ನೋಡುತ್ತಾಳೆ. ನನ್ನನ್ನು ಹಿಂಡಿ ತಂತಿಗೆ ಹಾಕುವುದು ಆಮೇಲೆ.