ಹಿಂದೆ ಕುಳಿತವನು

"ಇನ್ನೊಂದು ಸುತ್ತು ಬಿಗೀರಿ" ಎಂದರು ಮಠದಯ್ಯನವರು.

ಶಂಭುಲಿಂಗನವರು ತಮ್ಮನ ಎದೆಗೆ ಸುತ್ತಿದ್ದ ಬಿಳಿಯ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಮತ್ತೆ ಎಳೆದು ಕಟ್ಟಿದರು. ಕೈ ಬಿಟ್ಟೊಡನೆ, ಕುಳ್ಳಿರಿಸಿದ್ದ ಮಹಾಂತಯ್ಯನವರ ದೇಹ ಮೊದಲಿನಂತೆಯೇ ಎಡಕ್ಕೆ ವಾಲಿತು. ಹಣೆಯ ವಿಭೂತಿ ಒಣಗಿ ಭುಜದ ಮೇಲೆ ಉದುರಿತು.

ಎದುರಿಗೆ ಕುಳಿತಿದ್ದ ಗೌರಕ್ಕ ಅದನ್ನು ನೋಡುತ್ತಿದ್ದಳು. ಬೆಳಿಗ್ಗೆ ಗಂಡನ ಉಸಿರು ನಿಂತಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ನೆರೆಮನೆಯ ಹುಸೇನಬಿ ಕೊಟ್ಟ ಚಹಾ ಕೈಯಲ್ಲೇ ಆರಿ ಕೆನೆಗಟ್ಟಿತ್ತು.

"ಬದುಕಿದ್ದಾಗೂ ಇಂವ ನೆಟ್ಟಗ ಕುಂತಾಂವಲ್ಲ" ಎಂದು ಶಂಭುಲಿಂಗನವರು ಗೊಣಗಿದರು. "ಟಿವಿ ಮುಂದ ಆ ಹುಡುಗಾಟಕಿ ಆಡಿ ಆಡಿ ಮೈ ಹಿಂಗಾಗೇತಿ."

ಬಾಗಿಲ ಬಳಿ ಯಾರೋ ಮೆಲ್ಲಗೆ ನಕ್ಕರು. ಗೌರಕ್ಕ ನಗಲಿಲ್ಲ. ಭಾವನಿಗೆ ಹೇಳಬೇಕಾದ ಮಾತೊಂದಿತ್ತು. ಗಂಡ ಅದನ್ನು ಬದುಕಿನುದ್ದಕ್ಕೂ ಅಣ್ಣನೆದುರು ಆಡಿರಲಿಲ್ಲ. ಇವತ್ತು ಅವಳೂ ಆಡದಿದ್ದರೆ ಅದು ಅವರ ಸಂಗಡ ಮಣ್ಣಿಗಿಳಿಯುತ್ತಿತ್ತು.

\* \* \*

ಹತ್ತೊಂಬತ್ತರ ಹರೆಯದಲ್ಲಿ ಮಹಾಂತಯ್ಯನವರು ಗೆಳೆಯನ ಮೋಟರ್‌ಸೈಕಲ್ ಇಸಿದುಕೊಂಡು, ಅಣ್ಣನನ್ನು ಹಿಂದೆ ಕೂರಿಸಿಕೊಂಡು ಕೆಲಗೇರಿ ಕೆರೆಯ ತಿರುವಿನಲ್ಲಿ ಬಿದ್ದಿದ್ದರು. ತಮ್ಮನ ಮೊಣಕೈ ತರಚಿತು. ಅಣ್ಣನ ಬಲಗಾಲು ಮತ್ತೆಂದೂ ಮಡಚಲಿಲ್ಲ. ಆಮೇಲೆ ಮಹಾಂತಯ್ಯನವರು ಮೋಟರ್‌ಸೈಕಲ್ ಮುಟ್ಟಲಿಲ್ಲ. ಅಮರಗೋಳದ ಮಾರುಕಟ್ಟೆಗೆ ಕಾಳು ತೂಗಿಸಲು ಹೋಗುತ್ತಿದ್ದುದೂ ಬಸ್ಸಿನಲ್ಲೇ. ಹೆದರುಪುಕ್ಕಲ ಎಂದು ಅಣ್ಣ ಹತ್ತು ಜನರೆದುರು ಹಂಗಿಸಿದರೂ ಸುಮ್ಮನಿರುತ್ತಿದ್ದರು.

ಮಗಳು ಉಮಾಶ್ರೀ ಕಾಲೇಜಿನಲ್ಲಿದ್ದಾಗ ಹಳೆಯದೊಂದು ವಿಡಿಯೋ ಗೇಮಿನ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದಳು. ಮೋಟರ್‌ಸೈಕಲ್ ರೇಸು. ಗಡುವಿನೊಳಗೆ ಮುಂದಿನ ಕಮಾನು ದಾಟಿದರೆ ಇನ್ನಷ್ಟು ಸೆಕೆಂಡುಗಳು. ಇಲ್ಲವಾದರೆ ಆಟ ಅಲ್ಲಿಗೇ ಮುಗಿಯಿತು. ಅಂದಿನಿಂದ ಪ್ರತಿ ಸಂಜೆ ಮಹಾಂತಯ್ಯನವರು ಅದರ ಮುಂದೆ. ಉಳಿದ ಗಾಡಿಗಳು ಕಿಡಿ ಹಾರಿಸುತ್ತ ಮುನ್ನುಗ್ಗಿದರೆ, ಇವರು ತಿರುವು ಬಂದಾಗಲೆಲ್ಲ ಬ್ರೇಕು ಒತ್ತಿ, ಉಸಿರು ಬಿಗಿಹಿಡಿದು, ಮೈಯನ್ನೆಲ್ಲ ಬಾಗಿಸಿ ದಾಟುತ್ತಿದ್ದರು. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಬೀಳಲಿಲ್ಲ; ಒಮ್ಮೆಯೂ ಗುರಿ ಮುಟ್ಟಲಿಲ್ಲ.

"ಅಪ್ಪಾ, ನೀ ರೇಸಿಗೆ ಹೊಂಟೀಯೋ, ಮೆರವಣಿಗಿಗೆ ಹೊಂಟೀಯೋ?" ಎಂದು ಮಗಳು ಕಾಡುತ್ತಿದ್ದಳು.

ಬಿದ್ದರೂ ಆಟದ ಗಾಡಿ ತಾನಾಗಿಯೇ ಏಳುತ್ತದಲ್ಲ, ಇಷ್ಟೇಕೆ ಜೋಪಾನ ಎಂದು ಗೌರಕ್ಕನೂ ಒಮ್ಮೆ ಕೇಳಿದ್ದಳು. ಪರದೆಯಿಂದ ಕಣ್ಣು ಕೀಳದೆ ಅವರು ಉತ್ತರ ಕೊಟ್ಟಿದ್ದರು. ಅವಳು ಮತ್ತೆ ಕೇಳಲಿಲ್ಲ.

\* \* \*

ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರು ಮನೆಯ ಮುಂದೆ ನಿಂತಿತು. ನಾಲ್ವರು ಮಹಾಂತಯ್ಯನವರನ್ನು ಎತ್ತಿ ಟ್ರೇಲರಿನ ಮಣೆಯ ಮೇಲೆ ಕೂರಿಸಿದರು. ದೇಹ ವಾಲಿತು. ಶಂಭುಲಿಂಗನವರು ಹಗ್ಗ ತರಹೇಳಿದರು.

ಗೌರಕ್ಕ ಎದ್ದು ಹೊರಗೆ ಬಂದಳು.

"ಭಾವನವರ, ಹಗ್ಗ ಬ್ಯಾಡ್ರಿ."

"ಮತ್ತ ಹೆಂಗ ಕುಂದ್ರತಾನ, ಗೌರಕ್ಕ?"

"ಆ ಆಟದಾಗ ಅವರು ಎಂದೂ ಜೋರ ಹೋಗಲಿಲ್ರಿ. ಯಾಕ ಅಂತ ಕೇಳಿದ್ದೆ." ತನ್ನ ದನಿ ಅವಳಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಹಿಂದ ಅಣ್ಣ ಕುಂತಾನ ಅಂದ್ರು."

ಶಂಭುಲಿಂಗನವರು ಹಗ್ಗ ಹಿಡಿದು ನಿಂತೇ ಇದ್ದರು. ಮಠದಯ್ಯನವರು ಹೊತ್ತಾಯಿತೆಂದು ನೆನಪಿಸಿದರು.

"ಒಮ್ಮೆನೂ ಬೀಳಲಿಲ್ಲ?" ಎಂದು ಶಂಭುಲಿಂಗನವರು ಕೇಳಿದರು.

"ಇಲ್ರಿ."

ಹಗ್ಗವನ್ನು ಪಕ್ಕದವರ ಕೈಗಿಟ್ಟು ಅವರು ಟ್ರೇಲರಿನ ಅಂಚು ಹಿಡಿದರು. ಇಬ್ಬರು ಕೈಕೊಟ್ಟು ಹತ್ತಿಸಿದರು. ಮಡಚದ ಕಾಲನ್ನು ಒಂದು ಬದಿಗೆ ಚಾಚಿ ಶಂಭುಲಿಂಗನವರು ತಮ್ಮನ ಹಿಂದೆ ಕುಳಿತರು. ಎರಡೂ ಕೈಗಳಿಂದ ಅವನ ಸೊಂಟ ಬಳಸಿದರು.

"ನಡೀಲಿ" ಎಂದರು.

ಟ್ರ್ಯಾಕ್ಟರು ಕೆರೆಯ ಕಡೆಗೆ ಹೊರಳಿತು. ಗೌರಕ್ಕ ಗೇಟು ಹಿಡಿದು ನೋಡಿದಳು. ಶಂಭುಲಿಂಗನವರು ತಮ್ಮನ ಬೆನ್ನಿಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿದ್ದರು.